ಮೂಸಿ ನದಿಯ ಮಹಾಪೂರ ಮತ್ತು ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸೆಪ್ಟೆಂಬರ್ 15 ಬಂತೆಂದರೆ ಗಡಿನಾಡಿನ ಕನ್ನಡ ಶಿಕ್ಷಕರಾದ ನಾವು ಮಕ್ಕಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆ ಹೇಳುತ್ತೇವೆ. ಕನ್ನಂಬಾಡಿ ಕಟ್ಟೆ, ಮೈಸೂರಿನ ದಿವಾನಗಿರಿ, ಮೈಸೂರು ಪೇಟ, ಕಾಲನಿಷ್ಠೆ, ಇಷ್ಟಕ್ಕೆ ಕಥೆ ಮುಗಿದುಹೋಗುತ್ತದೆ. ಅವರ ಬಾಳಿನ ಹೈದರಾಬಾದಿನ ಅಧ್ಯಾಯವನ್ನು ನಾವು ಹೇಳುವುದೇ ಇಲ್ಲ. ಕೆರೆಗಳನ್ನೇ ನಂಬಿ ಬದುಕುವ ರಾಯದುರ್ಗ, ಮಡಕಶಿರಾ ಸೀಮೆಗೆ ಅದಕ್ಕಿಂತ ಹತ್ತಿರವಾದ ಅಧ್ಯಾಯ ಇನ್ನೊಂದಿಲ್ಲ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲಿ, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಅದು ನಂದಿ ಬೆಟ್ಟಗಳ ಮಡಿಲಿನ ಊರು. ಗೌರಿಬಿದನೂರನ್ನು ದಾಟಿ ಹಿಂದೂಪುರದ ಕಡೆಗೆ ಹರಿದುಬರುವ ನಮ್ಮ ಪೆನ್ನಾರ್ ನದಿಯೂ ಆ ಬೆಟ್ಟಸಾಲಿನಲ್ಲಿಯೇ ಹುಟ್ಟುತ್ತದೆ. ಮೋಕ್ಷಗುಂಡಂ ಎಂಬುದು ಅವರ ಪೂರ್ವಿಕರ ಊರು. ಅದು ಇರುವುದು ಆಂಧ್ರದ ಗಿದ್ದಲೂರು ಸೀಮೆಯಲ್ಲಿ. ಆಂಧ್ರದ ಊರಿನ ಹೆಸರನ್ನು ಹೊತ್ತ ಕನ್ನಡ ನಾಡಿನ ಈ ಮಗನನ್ನು ಯಾವ ಗಡಿಯ ಯಾವ ಪಕ್ಕದಲ್ಲಿ ನಿಲ್ಲಿಸುವುದು ಎಂದು ಯಾರೂ ಜಗಳವಾಡಿಲ್ಲ. ನಮಗೆ ಅದೊಂದು ಸಮಾಧಾನ.

ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದು ಸಾಗಿಸಿ, 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಕಟ್ಟೆಗೆ, ಪ್ರವಾಹದ ನೀರು ಮಿತಿ ಮೀರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿ ಹೆಸರಾದರು. ಆದರೆ ಭಾರತೀಯನೊಬ್ಬ ಅಲ್ಲಿ ಮುಖ್ಯ ಎಂಜಿನಿಯರ್ ಆಗುವ ದಾರಿ ಇರಲಿಲ್ಲ. 1908ರಲ್ಲಿ ಸೇವೆಯಿಂದ ಹೊರಬಂದು ವಿದೇಶ ಪ್ರವಾಸಕ್ಕೆ ಹೊರಟರು. ಅವರು ಯುರೋಪಿನಲ್ಲಿದ್ದಾಗಲೇ ಹೈದರಾಬಾದಿನ ನಿಜಾಮ್ ಸರ್ಕಾರದ ಕರೆ ಬಂದಿತು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದ್ ನಗರವನ್ನು ನುಂಗಿತ್ತು. ನಗರದ ಮೇಲ್ಭಾಗದ ಶಂಷಾಬಾದಿನಲ್ಲಿ ಒಂದೇ ದಿನಕ್ಕೆ 12.8 ಅಂಗುಲ, ಎರಡು ದಿನಕ್ಕೆ ಸುಮಾರು 19 ಅಂಗುಲ ಮಳೆ ಸುರಿದಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 480 ಮಿಲಿಮೀಟರ್. ಅನಂತಪುರ ಸೀಮೆಗೆ ಇಡೀ ವರ್ಷದಲ್ಲಿ ಬೀಳುವ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು! ಸೇತುವೆಗಳು ಕೊಚ್ಚಿಹೋದವು, ಬೀದಿಗಳು ನದಿಗಳಾದವು. ಸತ್ತವರು ಸುಮಾರು 15,000 ಮಂದಿ ಎಂದು ಅಂದಾಜು.

ಆ ದಿನ ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಸೆಮರವನ್ನೇರಿ ಸುಮಾರು 150 ಜನ ಪ್ರಾಣ ಉಳಿಸಿಕೊಂಡರು. ನಮ್ಮ ಹೊಲಗಳ ಬದುವಿನಲ್ಲಿ ನಿಂತಿರುವಂಥದೇ ಮರ. ನಿಜಾಮ ಮೀರ್ ಮಹಬೂಬ್ ಅಲಿ ಖಾನರು ನಿರಾಶ್ರಿತರಿಗೆ ಅರಮನೆಯ ಬಾಗಿಲು ತೆರೆಸಿದರು. ಊಟಕ್ಕಾಗಿ ಗಂಜಿ ಕೇಂದ್ರಗಳು ನಡೆದವು. ಜನ ಮರವನ್ನು ಹಿಡಿದರು, ಒಬ್ಬರನ್ನೊಬ್ಬರು ಹಿಡಿದರು, ಉಳಿದರು. ಆದರೆ ಇನ್ನೊಂದು ಪ್ರವಾಹ ಬಂದರೆ ಮತ್ತೆ ಮರವನ್ನೇ ಹುಡುಕಬೇಕೇ ಎಂಬ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

1909ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದರು. ನಗರದೊಳಗೆ ಎತ್ತರದ ಗೋಡೆ ಕಟ್ಟಿಸಿದರೆ ಸಾಕೆಂದು ಅವರು ಸುಮ್ಮನಾಗಲಿಲ್ಲ. ನದಿಯನ್ನು ಹಿಡಿದು ಮೇಲಕ್ಕೆ ನೋಡಿದರು. ಬೇರೆ ಪ್ರಾಂತಗಳ ಮಳೆಯ ದಾಖಲೆಗಳನ್ನೂ ತರಿಸಿ ಹೋಲಿಸಿದರು. ನಗರದ ಮೇಲಿನ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು.

ಈ ಸಂಖ್ಯೆಯ ಬಳಿ ನಾವು ತುಸು ನಿಲ್ಲಬೇಕು. ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇರುತ್ತವೆ. ಮೇಲಿನದರ ಕೋಡಿಯ ನೀರು ಕೆಳಗಿನದಕ್ಕೆ ಇಳಿಯುತ್ತದೆ. ಬರಗಾಲದಲ್ಲಿ ಇದೇ ವ್ಯವಸ್ಥೆ ನಮ್ಮನ್ನು ಕಾಯುತ್ತದೆ. ಆದರೆ ಮೇಲಿನ ಏರಿ ಒಡೆದರೆ, ದಿನಗಟ್ಟಲೆ ಹರಿಯಬೇಕಾದ ನೀರೆಲ್ಲ ಕೆಲವೇ ಗಳಿಗೆಗಳಲ್ಲಿ ಕೆಳಗಿನ ಕೆರೆಗೆ ನುಗ್ಗುತ್ತದೆ. ಕೋಡಿ ಕಿರಿದಾಗಿದ್ದರೆ, ಕೋಡಿಹಳ್ಳ ಮುಚ್ಚಿಹೋಗಿದ್ದರೆ ಆ ಏರಿಯೂ ನಿಲ್ಲದು. ಮೂಸಿಯ ಪ್ರವಾಹ ಕೇವಲ ಮಳೆಯದಾಗಿರಲಿಲ್ಲ, ಒಡೆದ ಕೆರೆಗಳದೂ ಆಗಿತ್ತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ವರದಿ ಒಪ್ಪಿಸಿದರು. ನಗರದ ಮೇಲ್ಭಾಗದಲ್ಲಿ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಕಟ್ಟಬೇಕು. ಪ್ರವಾಹ ಬಂದಾಗ ತುಂಬಿಕೊಳ್ಳಲು ಅವುಗಳಲ್ಲಿ ಜಾಗ ಖಾಲಿ ಇರಬೇಕು. ನದಿಯ ಪಾತ್ರ ತಾಳುವಷ್ಟು ನೀರನ್ನು ಮಾತ್ರ ಕೆಳಗೆ ಬಿಡಬೇಕು. ನಗರದಲ್ಲಿ ದಂಡೆಗಳನ್ನು ಎತ್ತರಿಸಿ ಉದ್ಯಾನಗಳನ್ನು ಬೆಳೆಸಬೇಕು. ಕಟ್ಟೆ ಇರುವುದು ನೀರು ತುಂಬಿಸಲು ಎಂದೇ ತಿಳಿದ ನಮಗೆ, ಖಾಲಿ ಜಾಗವೂ ಕಟ್ಟೆಯ ಕೆಲಸದ ಭಾಗ ಎಂಬುದು ವಿಚಿತ್ರವಾಗಿ ಕಂಡೀತು.

ನವೆಂಬರ್ ಹೊತ್ತಿಗೆ ಅವರು ಮುಖ್ಯ ಎಂಜಿನಿಯರ್ ಆಗಿ ಮೈಸೂರಿಗೆ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು ಅವರ ದಿವಾನಗಿರಿಯ ಕಾಲದಲ್ಲಿಯೇ. ಹೈದರಾಬಾದಿನಲ್ಲಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. 1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮತ್ತೆ ಮುಳುಗಿತು. ಈ ಬಾರಿ ನಗರದೊಳಗಿನ ಕೆರೆಗಳೇ ಉಕ್ಕಿದ್ದವು.

ನಮ್ಮ ಕಡೆಗೆ ಬರೋಣ. ಹಿರಿಯೂರಿನ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ 89 ವರ್ಷಗಳ ಬಳಿಕ ಕೋಡಿ ಬಿದ್ದಿತು. (ಅದನ್ನೂ ವಿಶ್ವೇಶ್ವರಯ್ಯನವರೇ ಕಟ್ಟಿಸಿದರೆಂದು ಹೇಳುವವರಿದ್ದಾರೆ. ಅವರು ಮೈಸೂರಿಗೆ ಬರುವ ಮೊದಲೇ ಅದು ಮುಗಿದಿತ್ತು.) ಅಲ್ಲಿಂದ ವೇದಾವತಿ ಹರಿದುಬರುವುದು ರಾಯದುರ್ಗದ ಕಡೆಗೆ, ಭೈರವಾನಿತಿಪ್ಪ ಜಲಾಶಯಕ್ಕೆ. ಮಧುಗಿರಿ ಕಡೆಯ ಜಯಮಂಗಲಿ ಪರಿಗಿಯ ಬಳಿ ಪೆನ್ನಾರನ್ನು ಸೇರುತ್ತದೆ. ಎರಡು ತಲೆಮಾರು ನೀರನ್ನೇ ಕಾಣದ ಹಳ್ಳದ ಪಾತ್ರದಲ್ಲಿ ಜನ ಬೆಳೆ ಇಟ್ಟರೆ, ಗುಡಿಸಲು ಹಾಕಿಕೊಂಡರೆ ಅವರನ್ನು ದೂರುವಂತಿಲ್ಲ. ನೀರು ಬಿಡುವ ನಿರ್ಧಾರ ಒಂದು ರಾಜ್ಯದಲ್ಲಿ, ನೀರು ಬರುವ ಊರು ಇನ್ನೊಂದು ರಾಜ್ಯದಲ್ಲಿ. ಎಚ್ಚರಿಕೆಯ ಮಾತು ಗಡಿಯ ಹಳ್ಳಿಯ ಅಜ್ಜಿಗೆ ಅರ್ಥವಾಗುವ ನುಡಿಯಲ್ಲಿ ಬರಬೇಕೆಂದು ನಾವು ಕೇಳುತ್ತಿರುವುದು ಭಾಷೆಯ ಅಭಿಮಾನಕ್ಕಾಗಿ ಮಾತ್ರವಲ್ಲ.

ಈ ಸೆಪ್ಟೆಂಬರ್ 15ಕ್ಕೆ ಭಾಷಣ ಸ್ಪರ್ಧೆಯನ್ನು ಬಿಟ್ಟು ಮಕ್ಕಳನ್ನು ಊರ ಕೆರೆಯ ಏರಿಯ ಮೇಲೆ ಕರೆದೊಯ್ಯಬೇಕೆಂದಿದ್ದೇವೆ. ತೂಬು ಯಾವುದು, ಕೋಡಿ ಎಲ್ಲಿದೆ, ಕೋಡಿಯ ನೀರು ಯಾವ ಹಳ್ಳ ಹಿಡಿದು ಯಾವ ಕೆರೆಗೆ ಇಳಿಯುತ್ತದೆ ಎಂಬುದನ್ನು ಅವರೇ ನಡೆದು ನೋಡಿ ನಕ್ಷೆ ಬರೆಯಲಿ. ನೀರುಗಂಟಿಯ ಕೆಲಸ ಮಾಡಿದ ಹಿರಿಯರು ಊರಿನಲ್ಲಿದ್ದರೆ ದಯವಿಟ್ಟು ಪೋಷಕರು ಅವರನ್ನೂ ಜೊತೆಗೆ ಕರೆತನ್ನಿ.