ಜಾನಿ ವಾಕರ್ ಯಾರು? ಬಾಟಲಿ ಮೇಲೆ ನಡೆಯುತ್ತಿರುವವರು ಅವರಲ್ಲ!

ವಿದೇಶದಿಂದ ಬರುವ ಗೆಳೆಯ ಡ್ಯೂಟಿ ಫ್ರೀ ಅಂಗಡಿಯಲ್ಲಿ ಒಂದು ಸ್ಕಾಚ್ ಬಾಟಲಿ ಕೊಳ್ಳುತ್ತಾನೆ. ಬಾಟಲಿಗಿಂತ ಮೊದಲು ಅದರ ಫೋಟೋ ಗ್ರೂಪಿಗೆ ಬಂದು ತಲುಪುತ್ತದೆ. ಅದರ ಬೆನ್ನಿಗೇ ಯಾರೋ ಒಬ್ಬರು ಫಾರ್ವರ್ಡ್ ಹಾಕುತ್ತಾರೆ. 1820ರಲ್ಲಿ ಹುಟ್ಟಿದ ಜಾನಿ ವಾಕರ್ ಎಂಬ ದೊಡ್ಡ ಶ್ರೀಮಂತ ಈ ವಿಸ್ಕಿ ಕಂಡುಹಿಡಿದರಂತೆ, ಟೋಪಿ ಹಾಕಿ ಕೋಲು ಹಿಡಿದು ನಡೆಯುತ್ತಿರುವ ಚಿತ್ರವೂ ಅವರದ್ದೇ ಅಂತೆ.

ಹುಟ್ಟಿದ ವರ್ಷ ತಪ್ಪು. ಶ್ರೀಮಂತ ಎಂಬುದು ತಪ್ಪು. ಚಿತ್ರವೂ ಅವರದ್ದಲ್ಲ. ಇನ್ನೂ ಒಂದು ವಿಷಯವಿದೆ: ಜಾನಿ ವಾಕರ್ ಎಂಬ ಹೆಸರಿನ ವಿಸ್ಕಿಯನ್ನು ಅವರು ಬದುಕಿರುವಾಗ ನೋಡಲೇ ಇಲ್ಲ.

ಜಾನ್ ವಾಕರ್ ಹುಟ್ಟಿದ್ದು 1805ರ ಜುಲೈ 25ರಂದು, ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಪಟ್ಟಣದ ಹತ್ತಿರದ ಒಂದು ರೈತ ಕುಟುಂಬದಲ್ಲಿ. 1819ರಲ್ಲಿ ತಂದೆ ಅಲೆಕ್ಸಾಂಡರ್ ತೀರಿಕೊಂಡರು. ಹುಡುಗನಿಗೆ ಆಗ 14 ವರ್ಷ. ಬೇಸಾಯ ಮುಂದುವರಿಸುವ ವಯಸ್ಸಲ್ಲ. ಹೊಲಮನೆಯ ಆಸ್ತಿ ಮಾರಿದಾಗ ಬಂದ 417 ಪೌಂಡ್ ಹಣವನ್ನು ಹಿರಿಯರು ಕಿಲ್ಮಾರ್ನಾಕ್‌ನ ಒಂದು ದಿನಸಿ ಅಂಗಡಿಗೆ ಹಾಕಿದರು. 1820 ಎಂದರೆ ಆ ಅಂಗಡಿ ಶುರುವಾದ ವರ್ಷ. ಮುಂದೆ ಕಂಪನಿಯ ಜಾಹೀರಾತುಗಳು ಅದನ್ನೇ ಹುಟ್ಟಿದ ವರ್ಷ ಎಂದು ಸಾರಿದವು. ಗೊಂದಲ ಅಲ್ಲಿಂದಲೇ ಹುಟ್ಟಿಕೊಂಡಿದ್ದು.

ಹೀಗೆ ಹದಿಹರೆಯದ ಹುಡುಗ ತಕ್ಕಡಿ ಹಿಡಿದ. ಅಂಗಡಿಯಲ್ಲಿ ದಿನಸಿ, ವೈನ್, ರಮ್, ಬ್ರಾಂದಿ, ಜಿನ್, ವಿಸ್ಕಿ ಎಲ್ಲವೂ ಇದ್ದವು. ದಿನಸಿ ಅಂಗಡಿಯಲ್ಲಿ ಮದ್ಯವೇ ಎಂದು ನಮಗೆ ಅಚ್ಚರಿಯಾಗಬಹುದು. ಅಲ್ಲಿ ಆಗ ಅದು ಮಾಮೂಲಿ.

ಅದೇ 1820ರಲ್ಲಿ ಲಂಡನ್ನಿನಲ್ಲಿ ಫ್ರೆಡ್ರಿಕ್ ಆಕಮ್ ಎಂಬ ರಸಾಯನಶಾಸ್ತ್ರಜ್ಞ ಆಹಾರ ಕಲಬೆರಕೆಯ ಬಗ್ಗೆ ಒಂದು ಪುಸ್ತಕ ಹೊರತಂದರು. ಚಹಾಕ್ಕೆ ಬೇರೆ ಗಿಡದ ಎಲೆ, ಚೀಸ್‌ನ ಬಣ್ಣಕ್ಕೆ ಸೀಸದ ಪುಡಿ, ಉಪ್ಪಿನಕಾಯಿ ಹಸಿರಾಗಿ ಕಾಣಲು ತಾಮ್ರ, ಹೀಗೆ ಅವರು ಕೊಟ್ಟ ಪಟ್ಟಿ ಓದಿದರೆ ಇಂದಿಗೂ ಹೊಟ್ಟೆ ತೊಳಸುತ್ತದೆ. ಆಗ ವಿಸ್ಕಿ ಸೀಲ್ ಮಾಡಿದ ಬಾಟಲಿಯಲ್ಲಿ ಬರುತ್ತಿರಲಿಲ್ಲ. ಪೀಪಾಯಿಯಿಂದ ಅಳೆದು ಕೊಡುತ್ತಿದ್ದರು. ಒಳಗೆ ಏನಿದೆ ಎಂಬುದಕ್ಕೆ ಅಂಗಡಿಯವರ ಮಾತೇ ಗ್ಯಾರಂಟಿ. ಜಾನ್ ವಾಕರ್ ಕತೆಯಲ್ಲಿ ನಮಗೆ ಮುಖ್ಯ ಅನಿಸಿದ್ದು ಇದೇ.

1823ರಲ್ಲಿ ಬ್ರಿಟಿಷ್ ಸರ್ಕಾರ ಮದ್ಯ ತಯಾರಿಕೆಯ ಕಾನೂನು ಸಡಿಲಿಸಿ ತೆರಿಗೆ ಇಳಿಸಿತು. ಕದ್ದುಮುಚ್ಚಿ ಬಟ್ಟಿ ಇಳಿಸುತ್ತಿದ್ದ ಎಷ್ಟೋ ಜನ ಲೈಸೆನ್ಸ್ ಪಡೆದರು. ಆದರೆ ರುಚಿಯದ್ದೇ ತಲೆನೋವು. ಒಂದು ಪೀಪಾಯಿಯಂತೆ ಇನ್ನೊಂದು ಇರುತ್ತಿರಲಿಲ್ಲ. ಕಳೆದ ತಿಂಗಳು ಇಷ್ಟವಾಗಿದ್ದು ಈ ತಿಂಗಳು ಬಾಯಿಗಿಡಲು ಆಗದಂತಿರುತ್ತಿತ್ತು.

ಇದಕ್ಕೆ ಕಾರಣ ವಿಸ್ಕಿ ತಯಾರಾಗುವ ರೀತಿಯಲ್ಲೇ ಇದೆ. ನಮ್ಮ ಮನೆಗಳಲ್ಲಿ ರಾಗಿ ಮಾಲ್ಟ್ ಮಾಡುವುದಿಲ್ಲವೇ? ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡುತ್ತೇವೆ. ಸ್ಕಾಟ್ಲೆಂಡಿನವರು ಬಾರ್ಲಿಗೆ ಮಾಡುವುದೂ ಅದನ್ನೇ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಕಿಣ್ವಗಳು ಹುಟ್ಟುತ್ತವೆ. ಅವು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಆ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಆಗಿಸುತ್ತದೆ. ಮೊಳಕೆ ಒಣಗಿಸಲು ಪೀಟ್ ಎಂಬ ಜೌಗು ಮಣ್ಣಿನ ಹೆಂಟೆ ಸುಟ್ಟರೆ ಹೊಗೆಯ ವಾಸನೆ ಸೇರುತ್ತದೆ. ತಾಮ್ರದ ಹಂಡೆಯ ಆಕಾರ, ಓಕ್ ಮರದ ಪೀಪಾಯಿ, ಅದರಲ್ಲಿ ಇಟ್ಟ ವರ್ಷಗಳು, ಎಲ್ಲವೂ ರುಚಿ ಬದಲಿಸುತ್ತವೆ.

ದಿನಸಿ ವ್ಯಾಪಾರಿಗಳಿಗೆ ಈ ತೊಂದರೆ ಹೊಸದಲ್ಲ. ಚಹಾದಲ್ಲೂ ಹೀಗೇ. ಒಂದು ತೋಟದ ಎಲೆ ಕಡು, ಇನ್ನೊಂದರದ್ದು ಸಪ್ಪೆ. ಅದಕ್ಕಾಗಿಯೇ ಹಲವು ಬಗೆ ಬೆರೆಸಿ ಒಂದೇ ರುಚಿ ಬರುವಂತೆ ಮಾಡುತ್ತಿದ್ದರು. ವಾಕರ್ ಅಂಗಡಿಯಲ್ಲಿ ವಿಸ್ಕಿಗೂ ಅದೇ ಉಪಾಯ ನಡೆಯಿತು. ಗಿರಾಕಿಗೆ ಏನು ಇಷ್ಟ ಎಂದು ಕೇಳಿ ಅದಕ್ಕೆ ತಕ್ಕಂತೆ ಬೆರೆಸಿ ಕೊಡುತ್ತಿದ್ದರು. ಅಂದರೆ ಅವರು ವಿಸ್ಕಿ ಕಂಡುಹಿಡಿದವರಲ್ಲ, ಬಟ್ಟಿ ಇಳಿಸಿದವರೂ ಅಲ್ಲ. ಬೇರೆಯವರು ತಯಾರಿಸಿದ್ದನ್ನು ಕೊಂಡು, ಹದವಾಗಿ ಬೆರೆಸಿ, ತಮ್ಮ ಹೆಸರಿನ ಜವಾಬ್ದಾರಿಯಲ್ಲಿ ಮಾರಿದವರು. ಕೊನೆಗೆ ಆ ಮಿಶ್ರಣಕ್ಕೆ ವಾಕರ್ಸ್ ಕಿಲ್ಮಾರ್ನಾಕ್ ವಿಸ್ಕಿ ಎಂಬ ಹೆಸರೂ ಬಂತು.

1852ರಲ್ಲಿ ಕಿಲ್ಮಾರ್ನಾಕ್‌ಗೆ ದೊಡ್ಡ ಪ್ರವಾಹ ನುಗ್ಗಿತು. ಅಂಗಡಿಯ ಸರಕೆಲ್ಲ ಹಾಳಾಯಿತು. ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಐದು ವರ್ಷಗಳ ನಂತರ, 1857ರಲ್ಲಿ, ಅವರು ತೀರಿಕೊಂಡರು. ಆಗ ಅವರ ವಯಸ್ಸು ಬರೀ 52. ಅಂಗಡಿಯ ಆದಾಯದಲ್ಲಿ ವಿಸ್ಕಿಯ ಪಾಲು ಸುಮಾರು ನೂರಕ್ಕೆ 8 ಅಷ್ಟೇ ಇತ್ತು. ಊರಿನವರ ಪಾಲಿಗೆ ಅವರು ದಿನಸಿ ಅಂಗಡಿಯ ವಾಕರ್.

ಮುಂದಿನದ್ದು ಮಗ, ಮೊಮ್ಮಕ್ಕಳ ಕೆಲಸ. 1860ರಲ್ಲಿ ಬಂದ ಹೊಸ ಕಾನೂನು, ತೆರಿಗೆ ಕಟ್ಟುವ ಮೊದಲೇ ಗೋದಾಮಿನಲ್ಲಿ ಮಾಲ್ಟ್ ವಿಸ್ಕಿ ಮತ್ತು ಧಾನ್ಯದ ವಿಸ್ಕಿ ಬೆರೆಸಲು ಅವಕಾಶ ಕೊಟ್ಟಿತು. ಐನಿಯಾಸ್ ಕಾಫಿ 1830ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ ಧಾನ್ಯದ ವಿಸ್ಕಿ ಅಗ್ಗವಾಗಿ, ಬಿಡುವಿಲ್ಲದೆ ತಯಾರಾಗುತ್ತಿತ್ತು. ಮಗ ಅಲೆಕ್ಸಾಂಡರ್ ಇದನ್ನು ಚೆನ್ನಾಗಿ ಬಳಸಿಕೊಂಡರು. ಚೌಕಾಕಾರದ ಬಾಟಲಿ ತಂದವರೂ ಅವರೇ. ಪೆಟ್ಟಿಗೆಯಲ್ಲಿ ಹೆಚ್ಚು ಹಿಡಿಸುತ್ತದೆ, ಸಾಗಿಸುವಾಗ ಒಡೆಯುವುದು ಕಡಿಮೆ. ಲೇಬಲನ್ನು 24 ಡಿಗ್ರಿ ಓರೆಯಾಗಿ ಅಂಟಿಸಿದ್ದರಿಂದ ಕಪಾಟಿನಲ್ಲಿ ದೂರದಿಂದಲೇ ಗುರುತು ಸಿಗುತ್ತಿತ್ತು.

ನಡೆಯುವ ಮನುಷ್ಯನ ಚಿತ್ರ ಬರೆದದ್ದು ಟಾಮ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ, 1908ರಲ್ಲಿ. ಜಾನ್ ವಾಕರ್ ಸತ್ತು ಆಗಲೇ 51 ವರ್ಷವಾಗಿತ್ತು. ಜಾನಿ ವಾಕರ್ ಎಂಬ ಹೆಸರು ಬ್ರ್ಯಾಂಡ್ ಆದದ್ದು, ರೆಡ್ ಲೇಬಲ್, ಬ್ಲ್ಯಾಕ್ ಲೇಬಲ್ ಹುಟ್ಟಿದ್ದು ಎಲ್ಲ ಆ ಹೊತ್ತಿನಲ್ಲೇ. ದಿನಸಿ ಅಂಗಡಿಯ ಯಜಮಾನರಿಗೆ ಮೊಣಕಾಲೆತ್ತರದ ಬೂಟು, ಉದ್ದ ಟೋಪಿ ಬಂದದ್ದು ಹೀಗೆ. ಅಂದಹಾಗೆ ನಮ್ಮ ಹಿಂದಿ ಸಿನಿಮಾದ ಹಾಸ್ಯನಟ ಜಾನಿ ವಾಕರ್ ಅವರ ನಿಜ ಹೆಸರು ಬದ್ರುದ್ದೀನ್ ಕಾಜಿ. ಮುಂಬೈ ಬಸ್ ಕಂಡಕ್ಟರ್ ಆಗಿದ್ದ ಅವರಿಗೆ ವಿಸ್ಕಿಯ ಹೆಸರಿಟ್ಟವರು ಗುರುದತ್.

ಕಿಲ್ಮಾರ್ನಾಕ್‌ನ ಬಾಟ್ಲಿಂಗ್ ಘಟಕ 2012ರಲ್ಲಿ ಮುಚ್ಚಿತು. ಬ್ರ್ಯಾಂಡ್ ಈಗ ಡಿಯಾಜಿಯೊ ಕಂಪನಿಯದ್ದು. ಅದರ ಭಾರತದ ಕಂಪನಿ ಯುನೈಟೆಡ್ ಸ್ಪಿರಿಟ್ಸ್ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ.

ಇನ್ನು ಆ ಬಾಟಲಿಯ ಜೊತೆಗೇ ಬರುವ ಉಳಿದ ಫಾರ್ವರ್ಡ್‌ಗಳು. ಬ್ಲ್ಯಾಕ್ ಲೇಬಲ್ ಮೇಲಿನ 12 ಎಂಬ ಸಂಖ್ಯೆ, ಮಿಶ್ರಣದಲ್ಲಿರುವ ಎಲ್ಲಕ್ಕಿಂತ ಕಿರಿಯ ವಿಸ್ಕಿಯ ವಯಸ್ಸು. ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ ಮಾತ್ರ, ಗಾಜಿನಲ್ಲಿ ಅಲ್ಲ. ಮಾವನವರು ಬೀರುವಿನಲ್ಲಿ 20 ವರ್ಷ ಜೋಪಾನ ಮಾಡಿದರೂ ಅದು 12 ವರ್ಷದ್ದೇ. ಬಣ್ಣ ಗಾಢವಾಗಿದ್ದರೆ ಸ್ಟ್ರಾಂಗ್ ಎಂಬುದೂ ಸುಳ್ಳು, ಬಣ್ಣಕ್ಕೆ ಕ್ಯಾರಮೆಲ್ ಸೇರಿಸಲು ಕಾನೂನೇ ಬಿಡುತ್ತದೆ. ಚಳಿಗೆ ಒಂದು ಪೆಗ್ ಹಾಕಿದರೆ ಮೈ ಬಿಸಿಯಾದಂತೆ ಅನಿಸುವುದು ನಿಜ. ಆದರೆ ಚರ್ಮದ ರಕ್ತನಾಳಗಳು ಹಿಗ್ಗಿ ದೇಹದ ಶಾಖ ಹೊರಗೆ ಹೋಗುತ್ತಿರುತ್ತದೆ. ಆಲ್ಕೋಹಾಲ್‌ನಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಎಲ್ಲಕ್ಕಿಂತ ಅಪಾಯಕಾರಿ ಫಾರ್ವರ್ಡ್ ಬೇರೆ ಇದೆ: ಚಮಚದಲ್ಲಿ ಹಾಕಿ ಬೆಂಕಿ ಹಚ್ಚಿ, ನೀಲಿಯಾಗಿ ಉರಿದರೆ ಅಸಲಿ ಎಂಬುದು. ಇದನ್ನು ನಂಬಬೇಡಿ. ವಿಷಕಾರಿ ಮೆಥನಾಲ್ ಕೂಡ ತಿಳಿನೀಲಿಯಾಗಿಯೇ ಉರಿಯುತ್ತದೆ. ವಾಸನೆ, ರುಚಿಯಿಂದಲೂ ಅದನ್ನು ಪತ್ತೆ ಹಚ್ಚಲಾಗದು. ದುಬಾರಿ ಬ್ರ್ಯಾಂಡ್‌ಗಳ ಖಾಲಿ ಬಾಟಲಿಗೆ ಅಗ್ಗದ ಮದ್ಯ ತುಂಬಿ ಮಾರುವ ದಂಧೆ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಲೇ ಇದೆ. ಹೆಸರು ನೋಡಿ ನಂಬುತ್ತೇವಲ್ಲ, ಬಂಡವಾಳ ಅದೇ. ಗುಜರಿಗೆ ಹಾಕುವ ಮೊದಲು ಲೇಬಲ್ ಕಿತ್ತು, ಮುಚ್ಚಳ ಜಜ್ಜಿಬಿಡಿ. ಲೈಸೆನ್ಸ್ ಇಲ್ಲದವರಿಂದ ಅರ್ಧ ಬೆಲೆಗೆ ಸ್ಕಾಚ್ ಕೊಳ್ಳಬೇಡಿ.

ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಹಾಳು ಮಾಡುತ್ತದೆ. ಲಕ್ಷಣಗಳು 12ರಿಂದ 24 ಗಂಟೆ ತಡವಾಗಿ ಕಾಣಿಸಬಹುದು. ಮದ್ಯ ಕುಡಿದ ಮರುದಿನ ಕಣ್ಣು ಮಂಜಾದರೆ, ಹೊಟ್ಟೆನೋವು, ವಾಂತಿ, ಏದುಸಿರು ಕಾಣಿಸಿಕೊಂಡರೆ ಹ್ಯಾಂಗೋವರ್ ಎಂದು ಮಜ್ಜಿಗೆ ಕುಡಿದು ಮಲಗಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಕುಡಿದದ್ದು ಏನು, ಯಾವಾಗ ಎಂಬುದನ್ನು ಮುಚ್ಚಿಡದೆ ಹೇಳಿ. ಉಳಿದ ಮದ್ಯ ಇದ್ದರೆ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.