ಸೆಲ್ಫ್ರಿಜಸ್ ಗಡಿಯಾರದಿಂದ ಮೇಖ್ರಿ ಸರ್ಕಲ್ಲಿನವರೆಗೆ

ಮಕ್ಕಳೇ, ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿಗೆ ಹೋದಾಗ ಸೆಲ್ಫ್ರಿಜಸ್ ಅಂಗಡಿಯ ಹೆಬ್ಬಾಗಿಲ ಮೇಲೆ ಒಮ್ಮೆ ಕಣ್ಣು ಹಾಯಿಸಿ. ದೊಡ್ಡ ಗಡಿಯಾರವೊಂದು ಕಾಣುತ್ತದೆ. ಅದರ ಕೆಳಗೆ, ಹಡಗಿನ ಮುಂತುದಿಯ ಮೇಲೆ ನಿಂತ ಹೆಣ್ಣುಮಗಳ ಪ್ರತಿಮೆಯಿದೆ. ಅವಳಿಗೆ ‘ಕಾಲದ ರಾಣಿ’ ಎಂದು ಹೆಸರು. ಅವಳನ್ನು ರೂಪಿಸಿದ ಶಿಲ್ಪಿ ಗಿಲ್ಬರ್ಟ್ ಬೇಯ್ಸ್. ಅವರದೇ ಇನ್ನೊಂದು ಪ್ರತಿಮೆ ನಿಮ್ಮ ಅಜ್ಜಿ ತಾತಂದಿರ ಊರಾದ ಬೆಂಗಳೂರಿನಲ್ಲಿದೆ. ಯಶವಂತಪುರದ ಹತ್ತಿರ, ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡದ ಎದುರು ನಿಂತಿರುವ ಜೆ.ಎನ್. ಟಾಟಾ ಅವರ ಪ್ರತಿಮೆ ಅದು. ಅದು ಅನಾವರಣವಾದದ್ದು 1922ರಲ್ಲಿ. ಆಕ್ಸ್‌ಫರ್ಡ್ ಸ್ಟ್ರೀಟಿನ ರಾಣಿ ಬಂದು ನಿಂತದ್ದು ಅದಾಗಿ ಒಂಬತ್ತು ವರ್ಷಕ್ಕೆ, 1931ರಲ್ಲಿ.

ಶಾಲೆಯಲ್ಲಿ ನೀವು ವಿಕ್ಟೋರಿಯಾ ರಾಣಿಯ ಕಾಲವನ್ನು ಓದುತ್ತೀರಿ, ವಿಂಡ್ಸರ್ ಕೋಟೆಯನ್ನು ನೋಡಿಬರುತ್ತೀರಿ. ಆ ಚರಿತ್ರೆಯ ಒಂದು ದೊಡ್ಡ ಪಾಲು ನಡೆದದ್ದು ಇಲ್ಲಿ, ನಮ್ಮ ಊರುಗಳಲ್ಲಿ. ಅದನ್ನು ಓದಲು ಪಠ್ಯಪುಸ್ತಕ ಸಾಲದು. ರಜೆಗೆ ಬಂದಾಗ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಹಿಡಿದು ಹಳೆಯ ಕಟ್ಟಡವೊಂದರ ಎದುರು ಕೂತುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದರೆ ಅರೆಕ್ಷಣದಲ್ಲಿ ಕೆಲಸ ಮುಗಿದುಹೋಗುತ್ತದೆ. ಚಿತ್ರ ಬರೆಯುವಾಗ ಹಾಗಲ್ಲ. ಕಿಟಕಿ ಎಷ್ಟು, ಕಮಾನು ಎಲ್ಲಿಂದ ಬಾಗುತ್ತದೆ, ಈ ಕಲ್ಲು ಮುಗಿದು ಆ ಕಲ್ಲು ಶುರುವಾಗುವುದು ಎಲ್ಲಿ, ಎಲ್ಲವನ್ನೂ ನೋಡಲೇಬೇಕು. ನೋಡುತ್ತಾ ನೋಡುತ್ತಾ ಪ್ರಶ್ನೆಗಳು ಏಳುತ್ತವೆ. ಆ ಪ್ರಶ್ನೆಗಳನ್ನು ಚಿತ್ರದ ಪಕ್ಕದಲ್ಲೇ ಬರೆದುಕೊಳ್ಳಿ.

ವಿಜ್ಞಾನ ಸಂಸ್ಥೆಯ ಕಟ್ಟಡದಿಂದಲೇ ಶುರುಮಾಡಬಹುದು. ಬೂದುಬಣ್ಣದ ಗ್ರಾನೈಟ್ ಕಲ್ಲು, ನಡುವೆ ಎತ್ತರದ ಗೋಪುರ. ನಕ್ಷೆ ಬರೆದದ್ದು ಮುಂಬಯಿಯ ಸ್ಟೀವನ್ಸ್ ಕಂಪನಿ. ಸಂಸ್ಥೆಗೆ 371 ಎಕರೆ ಜಮೀನು ಕೊಟ್ಟದ್ದು ಮೈಸೂರು ಸಂಸ್ಥಾನ. ಆಗ ದೊರೆಯಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸಂಸ್ಥೆಯ ಕನಸು ಟಾಟಾ ಅವರದು. ಮೊದಲ ನಿರ್ದೇಶಕ ಮೋರಿಸ್ ಟ್ರಾವರ್ಸ್ ಲಂಡನ್ನಿನವರು. ವಿಲಿಯಂ ರಾಮ್ಸೆ ಅವರ ಜೊತೆಗೂಡಿ 1898ರಲ್ಲಿ ನಿಯಾನ್ ಅನಿಲವನ್ನು ಕಂಡುಹಿಡಿದವರು ಇವರೇ. ಅಂಗಡಿಬೀದಿಯಲ್ಲಿ ಕೆಂಪಗೆ ಉರಿಯುವ ನಿಯಾನ್ ದೀಪ ಕಂಡಾಗ ಯಶವಂತಪುರವನ್ನೂ ನೆನಪಿಸಿಕೊಳ್ಳಿ! ಹಾಗಾದರೆ ಇದು ಬ್ರಿಟಿಷರ ಕಟ್ಟಡವೋ, ಮೈಸೂರಿನದೋ, ಟಾಟಾ ಅವರದೋ? ಕಲ್ಲನ್ನು ಕಡಿದು ಕೂರಿಸಿದವರು ಯಾರು? ಇವೇ ನಾನು ಹೇಳಿದ ಪ್ರಶ್ನೆಗಳು.

ಕಟ್ಟಡ ನೋಡಿ ಚಿತ್ರ ಬರೆಯುವ ಅಭ್ಯಾಸವನ್ನು ಬ್ರಿಟಿಷರು ಇಲ್ಲಿಗೆ ತಂದದ್ದು ಯುದ್ಧದ ಜೊತೆಗೆ. ನಿಮ್ಮ ವಿಮಾನ ಬಂದಿಳಿಯುವ ದೇವನಹಳ್ಳಿಯಲ್ಲಿ ಒಂದು ಕಲ್ಲಿನ ಕೋಟೆಯಿದೆ. ಟಿಪ್ಪು ಸುಲ್ತಾನ್ ಹುಟ್ಟಿದ್ದು ಆ ಊರಿನಲ್ಲಿ. 1791ರಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರನ್ನು ಹಿಡಿಯಿತು, ಅದೇ ವರ್ಷ ನಂದಿದುರ್ಗವನ್ನೂ ಗೆದ್ದಿತು. ಆ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ನಮ್ಮ ಕೋಟೆ ಬೆಟ್ಟಗಳನ್ನು ಬರೆದುಕೊಂಡ. ಆ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಹೊರಬಂದವು. ಬೆಂಗಳೂರು ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸತ್ತ ಸನ್ನಿವೇಶವನ್ನು ಹೋಮ್ ದೊಡ್ಡದಾಗಿ ಚಿತ್ರಿಸಿದ್ದಾನೆ. ಅದು ಚೆಲ್ಸಿಯ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಚಿತ್ರ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರ ಶೀರ್ಷಿಕೆಯಲ್ಲಿರುವುದು ದಾಳಿ ಮಾಡಲು ಬಂದವನ ಹೆಸರು. ಪೇಟೆಯನ್ನು ಕಾಯುತ್ತಾ ಸತ್ತವರ ಹೆಸರಿಲ್ಲ. ಹಳೆಯ ಚಿತ್ರಗಳನ್ನು ನೋಡುವಾಗ ಯಾರನ್ನು ಬಿಟ್ಟಿದ್ದಾರೆ ಎಂಬುದನ್ನೂ ನೀವು ನೋಡಬೇಕು ಎಂಬುದು ನನ್ನ ಆಸೆ.

ನಮ್ಮವರನ್ನು ಬಿಡದೆ ಬರೆದ ಚಿತ್ರವೂ ಒಂದಿದೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ, ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಮೈಸೂರು ಸೀಮೆಯನ್ನೆಲ್ಲ ಸರ್ವೆ ಮಾಡಿದವನು. ಊರೂರಿನ ಶಾಸನ, ಓಲೆಗರಿ, ಊರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಸಂಗ್ರಹಿಸಿದ. ಹಳಗನ್ನಡ ಅವನಿಗೆ ಬರುತ್ತಿರಲಿಲ್ಲ. ಅವನಿಗಾಗಿ ಶಾಸನಗಳನ್ನು ಓದಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಥಾಮಸ್ ಹಿಕ್ಕಿ 1816ರಲ್ಲಿ ಬರೆದ ವರ್ಣಚಿತ್ರದಲ್ಲಿ ಕೆಂಪು ಕೋಟಿನ ಮೆಕೆಂಜಿಯ ಜೊತೆ ಅವನ ಮೂವರು ಭಾರತೀಯ ಸಹಾಯಕರಿದ್ದಾರೆ. ಓಲೆಗರಿ ಹಿಡಿದವರೇ ಧರ್ಮಯ್ಯ. ಈ ಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಸಂಗ್ರಹದ್ದು. ಅದರ ಪ್ರತಿಯನ್ನು ಹುಡುಕಿ, ನಮ್ಮ ಪಂಡಿತರ ಮುಖವನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ.

ಈಗ ಮೇಖ್ರಿ ಸರ್ಕಲ್ಲಿಗೆ ಬನ್ನಿ. ಆರ್.ಟಿ. ನಗರದಿಂದಲೋ ಹೆಬ್ಬಾಳದಿಂದಲೋ ಕಾರಿನಲ್ಲಿ ಬರುವಾಗ ಸಿಗ್ನಲ್ಲಿನಲ್ಲಿ ನಿಂತು ಬೇಸರಪಟ್ಟ ಜಾಗ ಇದು. ದೇಶವನ್ನು ಅಳೆದ ಕಥೆಯಲ್ಲೂ ಇದಕ್ಕೊಂದು ಪಾಲಿದೆ. ಯಾರ್ಕ್‌ಷೈರಿನ ವಿಲಿಯಂ ಲ್ಯಾಂಬ್ಟನ್ ಎಂಬ ಸೈನಿಕನ ತಲೆಯಲ್ಲಿ ಇಡೀ ದೇಶವನ್ನು ತ್ರಿಕೋನಗಳಿಂದ ಅಳೆಯುವ ಯೋಚನೆ ಬಂತು. ತ್ರಿಕೋನದ ಒಂದು ಬದಿಯ ಉದ್ದ, ಅದರ ಎರಡು ತುದಿಯ ಕೋನಗಳು ಗೊತ್ತಾದರೆ ಉಳಿದೆರಡು ಬದಿ ಲೆಕ್ಕಕ್ಕೆ ಸಿಗುತ್ತವೆ ಎಂದು ಗಣಿತದ ತರಗತಿಯಲ್ಲಿ ಕಲಿಯುತ್ತೀರಲ್ಲ, ಅದೇ ಲೆಕ್ಕ. ಆ ಮೊದಲ ಬದಿಯನ್ನು ಮಾತ್ರ ನೆಲದ ಮೇಲೆ ಸರಪಳಿ ಹಾಸಿ ಅಳೆಯಲೇಬೇಕು. ಅದಕ್ಕೆ ಆಧಾರರೇಖೆ ಎನ್ನುತ್ತಾರೆ. ಲ್ಯಾಂಬ್ಟನ್ ತನ್ನ ಮೊದಲ ರೇಖೆಯನ್ನು ಅಳೆದದ್ದು 1800ರಲ್ಲಿ, ಬೆಂಗಳೂರಿನ ಹತ್ತಿರ. ಆಮೇಲೆ ಮದರಾಸಿನಿಂದ ತ್ರಿಕೋನಕ್ಕೆ ತ್ರಿಕೋನ ಸೇರಿಸುತ್ತಾ ಬಂದು, 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ರೇಖೆ ಅಳೆದು ಲೆಕ್ಕವನ್ನು ತಾಳೆನೋಡಿದರು. ಏಳು ಮೈಲಿಯ ಉದ್ದಕ್ಕೆ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ! ಕೋನ ಅಳೆಯುವ ಥಿಯೋಡೊಲೈಟ್ ಯಂತ್ರ ಅರ್ಧ ಟನ್ ತೂಗುತ್ತಿತ್ತು. ಅದನ್ನು ಹೊತ್ತವರು, ಬಿಸಿಲಿನಲ್ಲಿ ಸರಪಳಿ ಹಿಡಿದವರು, ಬೆಟ್ಟದ ತುದಿಯಲ್ಲಿ ಬಾವುಟ ನೆಟ್ಟು ಕಾದವರು ಬಹುಪಾಲು ನಮ್ಮ ಜನ.

ಅದೇ ಸರ್ವೆಯವರು 1868ರಲ್ಲಿ ಬೆಂಗಳೂರಿನಲ್ಲಿ ಹೊಸ ಆಧಾರರೇಖೆ ಅಳೆದರು. ಒಂದು ತುದಿ ಈಗಿನ ಮೇಖ್ರಿ ಸರ್ಕಲ್ ಬಳಿ, ಇನ್ನೊಂದು ತುದಿ ಈಶಾನ್ಯಕ್ಕೆ, ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ನಡುವಿನ ನೆಲವೆಲ್ಲ ಈಗ ಮನೆ, ಫ್ಲೈಓವರು. ಮ್ಯಾಪ್ ತೆರೆದು ಈ ಎರಡು ಜಾಗದ ನಡುವೆ ಅಡ್ಡಪಟ್ಟಿಯಿಟ್ಟು ಗೆರೆ ಎಳೆದು ನೋಡಿ. ಎಷ್ಟು ಬಡಾವಣೆಗಳನ್ನು ಅದು ಹಾದುಹೋಗುತ್ತದೆ! ಎವರೆಸ್ಟ್ ಶಿಖರದ ಎತ್ತರ ಲೆಕ್ಕಕ್ಕೆ ಸಿಕ್ಕಿದ್ದು ಲ್ಯಾಂಬ್ಟನ್ ಶುರುಮಾಡಿದ ಈ ಸರ್ವೆಯಿಂದಲೇ.

ಹತ್ತಿರದಲ್ಲೇ ರಮಣ ಮಹರ್ಷಿ ಉದ್ಯಾನದ ಬಳಿ ಕೆಂಪೇಗೌಡ ಗೋಪುರವಿದೆ. ಸರ್ವೆಯವರು ಬರುವ ಮುಂಚೆಯೂ ಯಲಹಂಕದ ನಾಡಪ್ರಭುಗಳು ಈ ಊರಿಗೆ ತಮ್ಮದೇ ಗುರುತು ನೆಟ್ಟಿದ್ದರು. ಚಿಕ್ಕ ಗೋಪುರ, ಚಿತ್ರ ಬರೆಯಲು ಸುಲಭ. ಆರೇಳು ವರ್ಷದ ತಮ್ಮ ತಂಗಿಯರಿಗೆ ಇದನ್ನೇ ಬಿಡಿ.

ಇನ್ನೊಂದು ದಿನ ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ರೈಲಿನಲ್ಲಿ ಹೋಗಿ. ಒಂದು ಕಾಲಕ್ಕೆ ಅಲ್ಲಿ ಪುಟಾಣಿ ನ್ಯಾರೋಗೇಜ್ ರೈಲು ಓಡುತ್ತಿತ್ತು. ಹಂಚಿನ ಮಾಡಿನ ಹಳೆಯ ನಂದಿ ಹಾಲ್ಟ್ ನಿಲ್ದಾಣವನ್ನು, ಹಳೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ಚೆನ್ನಾಗಿ ದುರಸ್ತಿ ಮಾಡಿಸಿದ್ದಾರೆ.

ವಿಜ್ಞಾನ ಸಂಸ್ಥೆಯೊಳಗೆ ಹೋಗಲು ಅನುಮತಿ ಬೇಕಾದೀತು, ಮೊದಲೇ ವಿಚಾರಿಸಿಕೊಳ್ಳಿ. ಬೆಳಿಗ್ಗೆ ಒಂಬತ್ತರ ಒಳಗೆ ಕೂತರೆ ನೆರಳು ಉದ್ದವಿರುತ್ತದೆ, ಕಲ್ಲಿನ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ತಾತನನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಕೂತ ಜಾಗ ಅವರ ಕಾಲದಲ್ಲಿ ಹೇಗಿತ್ತೆಂದು ಕೇಳಿ, ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ಪುಟದ ಕೆಳಗೆ ಜಾಗ, ತಾರೀಖು, ನಿಮ್ಮ ಹೆಸರು ಇರಲಿ. ಬರೆದ ಪುಟಗಳನ್ನು ಸಂಚಿಕೆಗೆ ಕಳಿಸಿ. ಗೆರೆ ಸೊಟ್ಟಗಿದ್ದರೂ ಅಳಿಸಬೇಡಿ, ಹಾಗೇ ಅಚ್ಚುಹಾಕುತ್ತೇವೆ.