ಹೊನ್ನಿನ ಬೆಲೆಯೂ ಅಕ್ಷರದ ಬೆಲೆಯೂ
(ಸರ್ ವಾಲ್ಟರ್ ಎಲಿಯಟ್‌ರ ಜೀವನ)

ಹಳೆಯ ಹೊನ್ನಿನ ನಾಣ್ಯವೊಂದು ಕೈಗೆ ಸಿಕ್ಕರೆ ಅದರ ಬೆಲೆಯನ್ನು ಗೊತ್ತುಪಡಿಸುವುದು ಹೇಗೆ? ಸರಾಫನ ಅಂಗಡಿಗೆ ಒಯ್ದರೆ ಆತನು ಒರೆಗಲ್ಲಿಗೆ ತಿಕ್ಕಿ, ತಕ್ಕಡಿಯಲ್ಲಿ ತೂಗಿ, ಅಂದಿನ ಧಾರಣೆಯಂತೆ ಲೆಕ್ಕ ಹೇಳುವನು. ಆ ಲೆಕ್ಕವು ತಪ್ಪಲ್ಲ. ಆದರೆ ಪೂರ್ತಿಯೂ ಅಲ್ಲ. ಉಳಿದ ಲೆಕ್ಕವನ್ನು ನಮ್ಮ ನಾಡಿನ ನಾಣ್ಯಗಳ ವಿಷಯದಲ್ಲಿ ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಸರ್ ವಾಲ್ಟರ್ ಎಲಿಯಟ್‌ರು ಪ್ರಮುಖರು. ಕೇಶ್ವಾಪುರದಿಂದ ಹೊರಟು ಧಾರವಾಡದ ಮಾರ್ಗವಾಗಿ ಕಿತ್ತೂರಿಗೆ ಹೋಗುವವರು ಅವರ ತಾರುಣ್ಯದ ನೆಲವನ್ನೇ ಹಾಯ್ದು ಹೋಗುತ್ತಾರೆ.

ಎಲಿಯಟ್‌ರು ೧೮೦೩ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಜನಿಸಿದರು. ಹೇಲಿಬರಿಯ ಕಾಲೇಜಿನಲ್ಲಿ ಓದಿ, ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ೧೮೨೧ರಲ್ಲಿ ಮದ್ರಾಸಿಗೆ ಬಂದರು. ಮುಂದೆ, ಆಗ ದಕ್ಷಿಣ ಮರಾಠಾ ಪ್ರಾಂತವೆನಿಸಿದ್ದ ನಮ್ಮ ಭಾಗಕ್ಕೆ ಬಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಸಹಾಯಕರಾದರು.

೧೮೨೪ನೆಯ ಅಕ್ಟೋಬರ್ ೨೩ರಂದು ಕಿತ್ತೂರಿನಲ್ಲಿ ನಡೆದುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ರಾಣಿ ಚೆನ್ನಮ್ಮನ ಪಡೆಯ ಮುಂದೆ ಥ್ಯಾಕರೆ ಮಡಿದನು. ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಆಗ ಎಲಿಯಟ್‌ರಿಗೆ ಇಪ್ಪತ್ತೊಂದು ವರ್ಷ. ಒಂದು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದು, ಡಿಸೆಂಬರಿನಲ್ಲಿ ಕೋಟೆ ಬೀಳುವ ಹೊತ್ತಿಗೆ ಕೂದಲೂ ಕೊಂಕದೆ ಹೊರಬಂದರು. ಸೆರೆಯಾಳುಗಳನ್ನು ಜೀವಸಹಿತ ಬಿಟ್ಟ ಕಿತ್ತೂರಿನ ಔದಾರ್ಯವನ್ನು ನಾವು ಮರೆಯಲಾಗದು. ಆ ಔದಾರ್ಯದ ಫಲವು ಮುಂದೆ ನಮ್ಮ ಇತಿಹಾಸಕ್ಕೇ ದಕ್ಕಿತು.

ಇಷ್ಟಾದ ಮೇಲೂ ಅವರು ಈ ನಾಡನ್ನು ಬಿಡಲಿಲ್ಲ. ೧೮೩೩ರ ವರೆಗೆ ಇಲ್ಲಿಯೇ ನಿಂತು, ಊರೂರಿನ ಗುಡಿಗಳ ಶಾಸನಗಳಿಗೆ ಪ್ರತಿ ಮಾಡಿಸಿದರು. ಹೀಗೆ ಕೂಡಿದ ಶಾಸನಗಳು ೫೯೫. ಇವುಗಳ ಆಧಾರದ ಮೇಲೆಯೇ ಅವರು ಚಾಲುಕ್ಯರ ವಂಶಾವಳಿಯ ಸ್ಥೂಲರೂಪವನ್ನು ವಿದ್ವಾಂಸರ ಮುಂದಿಟ್ಟರು. ಕಲ್ಲುಗಳು ತಮ್ಮ ತಮ್ಮ ಊರಿನಲ್ಲಿಯೇ ಉಳಿದವು. ಅಕ್ಷರಗಳು ಮಾತ್ರ ಜಗತ್ತಿಗೆ ತಿಳಿದವು.

ನಾಣ್ಯಗಳ ವಿಷಯದಲ್ಲಿಯೂ ಈ ದೃಷ್ಟಿಯೇ ಬೇಕು. ತೂಕವನ್ನು ಯಾವ ನಾಣ್ಯತಜ್ಞನೂ ಕೈಬಿಡುವುದಿಲ್ಲ, ಸುಮಾರು ೩.೪ ಗ್ರಾಂ ತೂಗುವ ವರಹವೂ ಅದರ ಹತ್ತರಲ್ಲೊಂದು ಪಾಲಾದ ಹಣವೂ ತೂಕದಿಂದಲೇ ಗುರುತಾಗುತ್ತವೆ. ಆದರೆ ತೂಕದಾಚೆಗೆ ನಾಲ್ಕು ಪ್ರಶ್ನೆಗಳಿವೆ: ಮೇಲೆ ಯಾವ ಅಕ್ಷರವಿದೆ? ಯಾವ ಮುದ್ರೆಯಿದೆ? ಎಲ್ಲಿ ಸಿಕ್ಕಿತು? ಅಂಥವು ಇನ್ನೆಷ್ಟು ಉಳಿದಿವೆ? ಪದ್ಮಟಂಕದ ನಡುವೆ ತಾವರೆ, ಸುತ್ತಲೂ ಬಿಡಿಬಿಡಿಯಾಗಿ ಒತ್ತಿದ ಮುದ್ರೆಗಳು; ಒಂದೊಂದು ಮುದ್ರೆಯೂ ಒಂದೊಂದು ಸುಳಿವು. ವಿಷ್ಣುವರ್ಧನನ ಹೊನ್ನಿನ ಮೇಲೆ ಅವನು ತಲಕಾಡನ್ನು ಗೆದ್ದ ಬಿರುದು ಕನ್ನಡ ಲಿಪಿಯಲ್ಲಿದೆ. ಅದನ್ನು ಕುಲುಮೆಗೆ ಹಾಕಿದರೆ ಚಿನ್ನ ಎಳ್ಳಷ್ಟೂ ಕಡಿಮೆಯಾಗದು. ತಲಕಾಡಿನ ಗೆಲವಿನ ಸಾಕ್ಷಿ ಮಾತ್ರ ಅಳಿದುಹೋಗುವುದು.

ಈ ಅಳತೆಗೋಲನ್ನು ಎಲಿಯಟ್‌ರಿಗೂ ಹಿಡಿಯಬೇಕು. ೧೮೪೫ರಲ್ಲಿ ಆಂಧ್ರದ ಅಮರಾವತಿಯ ಸ್ತೂಪವನ್ನು ಅಗೆಯಿಸಿ ಶಿಲ್ಪಗಳನ್ನು ಮದ್ರಾಸಿಗೆ ಸಾಗಿಸಿದರು. ಅವುಗಳಲ್ಲಿ ನೂರಕ್ಕೂ ಮಿಕ್ಕಿ ಶಿಲ್ಪಗಳು ಮುಂದೆ ಲಂಡನ್ನಿಗೆ ಹೋಗಿ ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿದವು. ಕಲ್ಲು ಉಳಿಯಿತೆಂಬುದು ನಿಜ. ಅದು ನಿಂತ ನೆಲದಿಂದ ದೂರವಾಯಿತೆಂಬುದೂ ಅಷ್ಟೇ ನಿಜ. ಎಲ್ಲಿ ಸಿಕ್ಕಿತೆಂಬ ಪ್ರಶ್ನೆಗೆ ಬೆಲೆಯಿದೆಯೆಂದ ಮೇಲೆ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಮದ್ರಾಸ್ ಗವರ್ನರರ ಆಡಳಿತ ಮಂಡಲದ ಸದಸ್ಯರಾಗಿ ಅವರು ೧೮೬೦ರಲ್ಲಿ ನಿವೃತ್ತರಾದರು. ಸ್ಕಾಟ್ಲೆಂಡಿನ ವುಲ್ಫ್‌ಲೀಯ ಮನೆಯಲ್ಲಿ ಕೊನೆಯ ವರ್ಷಗಳಲ್ಲಿ ಅವರ ದೃಷ್ಟಿ ಬಹುಮಟ್ಟಿಗೆ ಹೋಯಿತು. ನಾಣ್ಯದ ಅಕ್ಷರವನ್ನೇ ಓದಬೇಕಾದವರಿಗೆ ಇದಕ್ಕಿಂತ ಕ್ರೂರವಾದ ಕೊರತೆಯುಂಟೆ? ಆದರೂ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಅವರ ಗ್ರಂಥವು ನಿಧನಕ್ಕೆ ತುಸು ಮೊದಲು ಬೆಳಕು ಕಂಡಿತು. ೧೮೮೭ನೆಯ ಮಾರ್ಚ್ ೧ರಂದು ಅವರು ತೀರಿಕೊಂಡರು. ಅಂದು ಬೆಳಿಗ್ಗೆ ಕೂಡ ತಮಿಳು ಪಂಡಿತ ಪೋಪ್‌ರಿಗೆ ಪತ್ರ ಬರೆಯಿಸಿ ತಾವೇ ಸಹಿ ಮಾಡಿದ್ದರು.

ಹೊಲ ಉಳುವಾಗ, ಹಳೆಯ ಮನೆಯ ಗೋಡೆ ಕೆಡಹುವಾಗ ನಮ್ಮ ಹಳ್ಳಿಗಳಲ್ಲಿ ನಾಣ್ಯಗಳು ದೊರೆಯುವುದುಂಟು. ಅಂಥ ವೇಳೆ ಸಿಕ್ಕ ಜಾಗವನ್ನು ಗುರುತು ಹಾಕಿ, ನಾಣ್ಯವನ್ನು ತಿಕ್ಕಿ ತೊಳೆಯದೆ, ಸರಕಾರಕ್ಕೆ ತಿಳಿಸುವುದು ವಿದ್ಯಾವಂತರ ಕರ್ತವ್ಯ. ತಕ್ಕಡಿ ಎಲ್ಲ ಪೇಟೆಗಳಲ್ಲಿಯೂ ಇದೆ. ಅಕ್ಷರವನ್ನು ತೂಗುವ ಕಣ್ಣನ್ನು ನಾವೇ ಪಡೆದುಕೊಳ್ಳಬೇಕು.